ಲೇಬಲ್ ಇಲ್ದೆ ಅಮೆರಿಕಾನಾ ಆಲ್ಬಮ್ ಮಾಡಿದ ಕಥೆ: ಮಾಸ್ಟರ್ ಕೈಗೆ ಬಂದ್ಮೇಲೆ ಶುರುವಾಗೋ ಕೆಲಸ

ನನ್ನ ಎರಡನೇ ಆಲ್ಬಮ್ ಹೊರಗೆ ಬಂತು. ಲೇಬಲ್ (ರೆಕಾರ್ಡ್ ಕಂಪನಿ) ಇಲ್ಲ, ಮ್ಯಾನೇಜರ್ ಇಲ್ಲ, ಹಾಡು ಬರೆಯೋದ್ರಿಂದ ಹಿಡಿದು ರೆಕಾರ್ಡ್ ಪ್ಯಾಕ್ ಮಾಡಿ ಪೋಸ್ಟ್ ಆಫೀಸಿಗೆ ತಗೊಂಡು ಹೋಗೋ ತನಕ ಎಲ್ಲಾ ನಂದೇ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಇದ್ದೀನಿ, ಹಗಲು ಸಾಫ್ಟ್‌ವೇರ್ ಕೆಲಸ, ಸಂಜೆ ಗಿಟಾರು. ಊರಲ್ಲಿ ಹಾಡು ಬರೆಯೋ ಸ್ನೇಹಿತರು ಇದೆಲ್ಲ ಹೆಂಗೆ ಮಾಡ್ದೆ ಅಂತ ಕೇಳ್ತಾನೇ ಇದ್ದಾರೆ, ಅವರಿಗಾಗಿ ಬರೀತಿದ್ದೀನಿ. ನನ್ನ ಮಾತು ಮುಖ್ಯವಾಗಿ ಒಂದೇ: ಮಾಸ್ಟರ್, ಅಂದ್ರೆ ಹಾಡಿನ ಕೊನೇ ಸಿದ್ಧ ರೆಕಾರ್ಡಿಂಗ್, ರೆಡಿ ಆದ ತಕ್ಷಣ ಹಾಡು ಬಿಡಬೇಡಿ. ಮಾಸ್ಟರ್‌ಗೂ ರಿಲೀಸ್‌ಗೂ ಮಧ್ಯ ಆರು ತಿಂಗಳಾದ್ರೂ ಇಟ್ಕೊಳ್ಳಿ, ಉಳಿದ ಕೆಲಸ ಎಲ್ಲ ಆ ಆರು ತಿಂಗಳಲ್ಲೇ ಇರೋದು.

ಅಮೆರಿಕಾನಾ ಅಂದ್ರೆ ಕಂಟ್ರಿ, ಫೋಕ್, ಬ್ಲೂಸ್, ಬ್ಲೂಗ್ರಾಸ್, ಗಾಸ್ಪೆಲ್ ಇವೆಲ್ಲದರ ಬೇರಿಂದ ಬಂದ ಹಾಡುಗಳು, ಆದ್ರೆ ಈಗಿನ ಕಂಟ್ರಿ ರೇಡಿಯೋಗೆ ಒಗ್ಗದೇ ಇರೋವು. ಇಂಥ ಹಾಡು ಹಾಡೋರಿಗಂತಲೇ 1999ರಲ್ಲಿ ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ಶುರುವಾಯ್ತು, 2010ರಿಂದ ಗ್ರ್ಯಾಮಿಯಲ್ಲಿ ಬೇರೆ ಪ್ರಶಸ್ತಿನೇ ಇದೆ, ಮೊದಲನೇದು ಗಾಯಕ, ಡ್ರಮ್ಮರ್ ಲೆವನ್ ಹೆಲ್ಮ್‌ಗೆ ಬಂತು. ಸುಗಮ ಸಂಗೀತ ಕೇಳ್ಕೊಂಡು ಬೆಳೆದ ನನಗೆ ಈ ಸಂಗೀತ ಹೊರಗಿಂದು ಅಂತ ಯಾವತ್ತೂ ಅನ್ನಿಸಿಲ್ಲ, ಇಲ್ಲೂ ಸಾಹಿತ್ಯ ಮುಂದೆ, ವಾದ್ಯ ಅದರ ಹಿಂದೆ. ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಎಚ್-1ಬಿ ವೀಸಾದಲ್ಲಿ ಇರೋರು ಕಂಪನಿ ಕೆಲಸ ಬಿಟ್ಟು ಬೇರೆ ಕಡೆ ಹಾಡಿ ದುಡ್ಡು ತಗೊಳ್ಳೋ ಹಾಗಿಲ್ಲ. ಗ್ರೀನ್ ಕಾರ್ಡ್ ಬಂದ್ಮೇಲೇನೇ ನಾನು ಕಾಸು ತಗೊಂಡು ಹಾಡೋಕೆ ಶುರು ಮಾಡಿದ್ದು, ಅಲ್ಲಿವರೆಗೆ ಬರೀ ಓಪನ್ ಮೈಕು.

ರೆಕಾರ್ಡಿಂಗ್ ಎಲ್ಲರೂ ಒಂದೇ ರೂಮಲ್ಲಿ ಕೂತು ಲೈವ್ ಆಗಿ ಮಾಡಿದ್ವಿ, ಕಿವಿಗೆ ತಾಳ ಕೊಡೋ ಕ್ಲಿಕ್ ಇಲ್ದೆ. ನನ್ನ ಮೈಕಲ್ಲಿ ಡ್ರಮ್ಸ್ ಕೇಳತ್ತೆ, ಡ್ರಮ್ಸ್ ಮೈಕಲ್ಲಿ ನನ್ನ ದನಿ, ಹಾಗಾಗಿ ಆಮೇಲೆ ಕೂತು ಒಂದೊಂದು ಸಾಲು ತಿದ್ದೋಕೆ ಆಗಲ್ಲ, ಟೇಕ್ ಇಡೀ ಚೆನ್ನಾಗಿದ್ರೆ ಇಟ್ಕೋಬೇಕು ಇಲ್ಲಾಂದ್ರೆ ಮತ್ತೆ ಹಾಡ್ಬೇಕು. ಈ ಥರದ ಹಾಡಿಗೆ ಅದೇ ಸರಿ ಅಂತ ನಾನು ನಂಬ್ತೀನಿ. ನ್ಯಾಶ್‌ವಿಲ್ ವಾದಕರು ಕಾರ್ಡ್‌ಗಳನ್ನ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಅಕ್ಷರದಲ್ಲಿ ಬರೆಯಲ್ಲ, 1, 4, 5 ಅಂತ ನಂಬರಲ್ಲಿ ಬರೀತಾರೆ, ನಂಬರ್ ಸಿಸ್ಟಮ್ ಅಂತಾರೆ, 1950ರ ದಶಕದ ಕೊನೇಲಿ ಇಲ್ಲಿನ ಸ್ಟುಡಿಯೋಗಳಲ್ಲೇ ಹುಟ್ಟಿದ್ದು. ಶ್ರುತಿ ಯಾವ್ದೇ ಇರ್ಲಿ ನಮ್ಮ ಸರಿಗಮ ಅದೇ ಸರಿಗಮ ಅಲ್ವಾ, ಹಂಗೇ ಇದು. ಗಂಟಲು ಭಾರ ಇದ್ದ ದಿನ ಅರ್ಧ ಸ್ವರ ಇಳಿಸಿದ್ರೂ ಯಾರೂ ಚೀಟಿ ತಿದ್ದಲಿಲ್ಲ.

ಪೆಡಲ್ ಸ್ಟೀಲ್, ಅಂದ್ರೆ ಮಲಗಿಸಿಟ್ಟು ನುಡಿಸೋ ಗಿಟಾರ್, ನುಡಿಸಿದವರ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು. ಹತ್ತು ತಂತಿ, ಎಡಗೈಲಿ ಉಕ್ಕಿನ ಬಾರ್, ಎಡಗಾಲಲ್ಲಿ ಪೆಡಲ್, ಎರಡೂ ಮಂಡಿಗೆ ಲಿವರ್, ಬಲಗಾಲಲ್ಲಿ ವಾಲ್ಯೂಮ್ ಪೆಡಲ್, ಇಡೀ ಮೈಯೇ ನುಡಿಸ್ತಾ ಇರತ್ತೆ. ಅವರು ಬಂದು ಕೂತು ಕೇಳಿದ್ದು ಕಾರ್ಡ್ ಚೀಟಿ ಅಲ್ಲ, ಸಾಹಿತ್ಯದ ಹಾಳೆ. ಪೆನ್ಸಿಲಲ್ಲಿ ನಾನು ಉಸಿರು ತಗೊಳ್ಳೋ ಜಾಗಕ್ಕೆಲ್ಲ ಗುರುತು ಹಾಕ್ಕೊಂಡ್ರು. ಮೊದಲನೇ ಚರಣ ಪೂರ್ತಿ ಕೈಯೇ ಎತ್ತಲಿಲ್ಲ. ಎರಡನೇ ಚರಣದಲ್ಲಿ ನನ್ನ ಸಾಲು ಮುಗಿದ ಕಡೆ, ವಾಲ್ಯೂಮ್ ಮುಚ್ಚಿಟ್ಟು ತಂತಿ ಮೀಟಿ ಆಮೇಲೆ ನಿಧಾನಕ್ಕೆ ಪೆಡಲ್ ತುಳಿದು ಬಿಟ್ರು, ಮೀಟಿದ್ದೇ ಕೇಳಲ್ಲ, ಸ್ವರ ಎಲ್ಲಿಂದ ಶುರುವಾಯ್ತು ಅಂತಾನೇ ಗೊತ್ತಾಗಲ್ಲ. ಇಡೀ ಆಲ್ಬಮ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಸ್ಟುಡಿಯೋದಿಂದ ಹೊರಡೋ ಮುಂಚೆನೇ ಸ್ಪ್ಲಿಟ್ ಶೀಟ್‌ಗೆ ಸಹಿ ಹಾಕಿಸ್ಕೊಳ್ಳಿ, ಯಾವ ಹಾಡಲ್ಲಿ ಯಾರ ಪಾಲು ಎಷ್ಟು ಅಂತ. ಎಷ್ಟೇ ಸ್ನೇಹಿತರಾಗಿದ್ರೂ ಇದು ಬೇಕು. ಎರಡು ಹಕ್ಕು ಬೇರೆ ಬೇರೆ ಅನ್ನೋದು ತಲೇಲಿ ಇರ್ಲಿ: ಹಾಡಿನ ಹಕ್ಕು, ಅಂದ್ರೆ ಸಾಹಿತ್ಯ ಮತ್ತು ರಾಗದ್ದು, ಇನ್ನೊಂದು ರೆಕಾರ್ಡಿಂಗ್ ಹಕ್ಕು. ಅಮೆರಿಕದ ಎಫ್ಎಂ ರೇಡಿಯೋದಲ್ಲಿ ಹಾಡು ಬಂದ್ರೆ ಬರೆದವರಿಗೆ ದುಡ್ಡು ಬರತ್ತೆ, ಹಾಡಿದವರಿಗೆ ಬರಲ್ಲ, ಇಲ್ಲಿನ ಕಾನೂನೇ ಹಾಗೆ. ಬರೆದವರ ದುಡ್ಡು ಆಸ್ಕ್ಯಾಪ್ ಅಥವಾ ಬಿಎಂಐ ಅನ್ನೋ ರಾಯಲ್ಟಿ ವಸೂಲಿ ಸಂಸ್ಥೆಗಳ ಮೂಲಕ. ಸ್ಯಾಟಲೈಟ್ ಮತ್ತು ಇಂಟರ್ನೆಟ್ ರೇಡಿಯೋದ್ದು ಸೌಂಡ್‌ಎಕ್ಸ್‌ಚೇಂಜ್ ಅನ್ನೋ ಇನ್ನೊಂದು ಸಂಸ್ಥೆ ಮೂಲಕ, ಅದ್ರಲ್ಲಿ 50% ರೆಕಾರ್ಡಿಂಗ್ ಹಕ್ಕು ಇರೋರಿಗೆ, 45% ಮುಖ್ಯ ಕಲಾವಿದರಿಗೆ, 5% ಜೊತೆಗೆ ನುಡಿಸಿದವರ ನಿಧಿಗೆ. ನಮ್ಮಂಥ ಇಂಡಿಪೆಂಡೆಂಟ್‌ಗಳಿಗೆ 50, 45 ಎರಡೂ ನಮ್ಮದೇ, ಆದ್ರೆ ಎರಡಕ್ಕೂ ರಿಜಿಸ್ಟರ್ ಮಾಡಿದ್ರೆ ಮಾತ್ರ. ಸ್ಟ್ರೀಮಿಂಗ್‌ನ ಮೆಕ್ಯಾನಿಕಲ್ ರಾಯಲ್ಟಿ, ಅಂದ್ರೆ ಹಾಡಿನ ಪ್ರತಿ ಮಾಡಿದ್ದಕ್ಕೆ ಬರೆದವರಿಗೆ ಸಿಗೋದು, 2021ರಿಂದ ಎಂಎಲ್‌ಸಿ ಅನ್ನೋ ಸಂಸ್ಥೆ ಕೊಡ್ತಿದೆ, ಹಾಡನ್ನ ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಇದನ್ನೂ ನೋಡ್ಕೋತಾರೆ ಅಂದ್ಕೊಂಡು ಸುಮ್ನೆ ಕೂರಬೇಡಿ, ಅದು ಬೇರೆ ಇದು ಬೇರೆ.

ವಿನೈಲ್, ಅಂದ್ರೆ ಗ್ರಾಮಫೋನ್ ಥರದ ತಟ್ಟೆ, ಮಾಡ್ಸೋದಾದ್ರೆ ಹಾಡಿನ ಕ್ರಮ ಮೊದ್ಲೇ ಯೋಚನೆ ಮಾಡ್ಬೇಕು. 12 ಇಂಚಿನ ರೆಕಾರ್ಡ್ ನಿಮಿಷಕ್ಕೆ 33 ಸುತ್ತಿನ ಸ್ಪೀಡಲ್ಲಿ ಒಂದೊಂದು ಮಗ್ಗುಲಿಗೆ ಸುಮಾರು 22 ನಿಮಿಷ ಚೆನ್ನಾಗಿ ಹಿಡಿಯತ್ತೆ, ಅದಕ್ಕಿಂತ ಜಾಸ್ತಿ ತುಂಬಿದ್ರೆ ದನಿ ಸಣ್ಣಗಾಗತ್ತೆ. ಸೂಜಿ ಒಳಗೆ ಹೋದಷ್ಟೂ ಒಂದು ಸುತ್ತಿಗೆ ಸಿಗೋ ಗೆರೆ ಗಿಡ್ಡ ಆಗ್ತಾ ಹೋಗತ್ತೆ, ಜೋರಾದ ಹಾಡು, ಸ ಶ ಜಾಸ್ತಿ ಇರೋ ಹಾಡು ಅಲ್ಲಿ ಒಡೆದಂಗೆ ಕೇಳತ್ತೆ. ಅದಕ್ಕೆ ಎರಡೂ ಮಗ್ಗುಲಿನ ಕೊನೇಲಿ ಬರೀ ಗಿಟಾರಿನ ಮೆತ್ತನೆ ಹಾಡು ಇಟ್ಟೆ. ಟೆಸ್ಟ್ ಪ್ರೆಸ್ಸಿಂಗ್, ಅಂದ್ರೆ ಪರೀಕ್ಷೆಗೆ ಅಂತ ಮೊದ್ಲು ಒತ್ತಿದ ಕಾಪಿಗಳು, ಬಂದಾಗ ಬೇರೆ ಬೇರೆ ಪ್ಲೇಯರಲ್ಲಿ ಹಾಕಿ ಕೇಳಿದೆ. ಟಿಕ್ ಟಿಕ್ ಅನ್ನೋದು ಎಲ್ಲಾ ಕಾಪಿಲೂ ಒಂದೇ ಜಾಗದಲ್ಲಿ ಬಂದ್ರೆ ಅದು ಅಚ್ಚಿನದ್ದೇ ದೋಷ, ಒಂದೇ ಕಾಪಿಲಿ ಬಂದ್ರೆ ಆ ಕಾಪಿದು ಅಷ್ಟೇ. ನನ್ನ ಬಿ ಮಗ್ಗುಲಲ್ಲಿ ಪೆಡಲ್ ಸ್ಟೀಲ್‌ನ ಉದ್ದನೆ ಸ್ವರ ಅಲ್ಲಾಡ್ತಿತ್ತು, ನಡುವಿನ ತೂತು ಸರಿಯಾಗಿ ಮಧ್ಯಕ್ಕೆ ಬಿದ್ದಿರ್ಲಿಲ್ಲ. ವಾಪಸ್ ಕಳಿಸಿದೆ, ರೆಕಾರ್ಡ್ ಒತ್ತೋ ಪ್ಲಾಂಟ್‌ನವರು ಹೇಳಿದ ತಾರೀಕು ಅಲ್ಲಿಗೆ ಮುಂದೆ ಹೋಯ್ತು, ಅದಾದ್ಮೇಲೂ ಇನ್ನೊಂದ್ಸಲ ಹೋಯ್ತು. ಕೈಯಲ್ಲಿ ಆರು ತಿಂಗಳು ಇದ್ದಿದ್ದಕ್ಕೆ ನಿದ್ದೆ ಕೆಡಲಿಲ್ಲ.

ಡಿಜಿಟಲ್ ಕಡೆ ಬೇಗ ಹೇಳ್ತೀನಿ. 2015ರ ಜುಲೈಯಿಂದ ಶುಕ್ರವಾರ ಜಗತ್ತಿಗೆಲ್ಲ ರಿಲೀಸ್ ದಿನ. ಸ್ಪಾಟಿಫೈನಲ್ಲಿ ಕನಿಷ್ಠ 7 ದಿನ ಮುಂಚೆ ಅವರ ಪ್ಲೇಲಿಸ್ಟ್ ಸಂಪಾದಕರಿಗೆ ಪಿಚ್ ಮಾಡಿದ್ರೆ ಹಾಡು ಫಾಲೋವರ್‌ಗಳ ರಿಲೀಸ್ ರಾಡಾರ್ ಅನ್ನೋ ಹೊಸ ಹಾಡುಗಳ ಪಟ್ಟಿಗೆ ಹೋಗತ್ತೆ. 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಅಲ್ಲಿ ರೆಕಾರ್ಡಿಂಗ್ ರಾಯಲ್ಟಿನೇ ಇಲ್ಲ, ಇದು ನಮ್ಮಂಥೋರಿಗೆ ಅನ್ಯಾಯ ಅಂತ ನಾನು ಬಿಡಿಸಿಯೇ ಹೇಳ್ತೀನಿ. ಕಲಾವಿದರೇ ನೇರ ಮಾರೋ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್‌ಗೆ 15%, ರೆಕಾರ್ಡು ಟೀಶರ್ಟಿಗೆ 10% ತಗೊಳ್ಳತ್ತೆ, ಕೊಂಡವರ ಇಮೇಲ್ ನಮ್ಮ ಕೈಗೆ ಸಿಗತ್ತೆ, ಅದಕ್ಕೇ ನಾನು ಎಲ್ಲರನ್ನೂ ಅಲ್ಲಿಗೇ ಕಳಿಸೋದು.

ರೇಡಿಯೋ ಈ ಸಂಗೀತಕ್ಕೆ ಇನ್ನೂ ಜೀವಂತ ಇದೆ. ನ್ಯಾಶ್‌ವಿಲ್ ಸುತ್ತ ಡಬ್ಲ್ಯುಎಂಒಟಿ, ನಾಕ್ಸ್‌ವಿಲ್‌ನಲ್ಲಿ ಡಬ್ಲ್ಯುಡಿವಿಎಕ್ಸ್, ಇಂಥ ಸ್ಟೇಷನ್‌ಗಳಲ್ಲಿ ಇನ್ನೂ ಮನುಷ್ಯರೇ ಹಾಡು ಆರಿಸ್ತಾರೆ. ಒಬ್ಬೊಬ್ಬ ಡಿಜೆಗೂ ಬೇರೆ ಬೇರೆ ಕಾಗದ ಬರೆದೆ, ಅವರ ಶೋ ಕೇಳಿ, ನನ್ನ ಯಾವ ಹಾಡು ಅವರಿಗೆ ಹೊಂದತ್ತೆ ಅಂತ ನೋಡಿ ಅದೊಂದನ್ನೇ ಮೊದ್ಲು ತೋರಿಸಿ. ಎಲ್ಲರಿಗೂ ಒಂದೇ ಮೇಲ್ ಕಳಿಸೋದಕ್ಕಿಂತ ಇದು ಸಾವಿರ ಪಾಲು ವಾಸಿ.

ಇಷ್ಟೆಲ್ಲ ಆದ್ಮೇಲೂ ಹೆಚ್ಚು ರೆಕಾರ್ಡ್ ಮಾರಾಟ ಆಗಿದ್ದು ಮನೆ ಕಛೇರಿಗಳಲ್ಲಿ. ಇಲ್ಲಿ ಹೌಸ್ ಕನ್ಸರ್ಟ್ ಅಂತಾರೆ, ಯಾರದೋ ಹಾಲ್‌ನಲ್ಲಿ ನಲವತ್ತು ಜನ ಕೂರ್ತಾರೆ, ಮೈಕ್ ಇರಲ್ಲ, ಬಂದವರು ಕೊಡೋ ದುಡ್ಡು ಪೂರ್ತಿ ಹಾಡೋರಿಗೆ. ನಾರ್ತ್ ಕೆರೊಲಿನಾದ ರಾಲಿಯಲ್ಲಿ ಒಬ್ಬರು ಕನ್ನಡದ ಅಕ್ಕ ತಮ್ಮ ಮನೇಲೇ ಇಟ್ಟಿದ್ರು, ಅರ್ಧ ಜನ ಅಕ್ಕಪಕ್ಕದ ಮನೆಯ ಅಮೆರಿಕನ್ನರು, ಅರ್ಧ ನಮ್ಮೋರು. ನಮ್ಮೋರಲ್ಲಿ ಸುಮಾರು ಜನಕ್ಕೆ ಪೆಡಲ್ ಸ್ಟೀಲ್ ಅನ್ನೋ ಹೆಸರೇ ಹೊಸದು. ಹಾಡಿನ ಮಧ್ಯ ಯಾರೂ ಮಾತಾಡಲಿಲ್ಲ, ಮುಗಿದ ಮೇಲೆ ರೆಕಾರ್ಡ್ ಜೊತೆ ಬರೋ ಸಾಹಿತ್ಯದ ಹಾಳೆ ಹಿಡ್ಕೊಂಡು ಸಾಲು ಸಾಲಿಗೆ ಪ್ರಶ್ನೆ ಕೇಳಿದ್ರು. "ಈ ಮೂರನೇ ಚರಣದಲ್ಲಿ ಬರೋ ಅಜ್ಜಿ ನಿಜವಾಗ್ಲೂ ಇದ್ರಾ?" ಅಂತ ಒಬ್ಬರು, ಇದ್ರು ಅಂದೆ.

ಪ್ರೆಸ್ಸಿಂಗ್‌ಗೆ ಹಾಕಿದ ದುಡ್ಡು ಇಂಥ ಮನೆಗಳಿಂದಲೇ ಹೆಚ್ಚುಕಮ್ಮಿ ವಾಪಸ್ ಬಂದಿದೆ. ಉಳಿದ ರೆಕಾರ್ಡ್‌ಗಳನ್ನ ಆನ್‌ಲೈನ್‌ಗೆ ಹಾಕದೆ ಸೆಪ್ಟೆಂಬರ್‌ಗೆ ಎತ್ತಿಟ್ಟಿದ್ದೀನಿ, ಆಗ ಇಲ್ಲಿ ಅಮೆರಿಕಾನಾಫೆಸ್ಟ್ ಅನ್ನೋ ಸಂಗೀತ ಹಬ್ಬ, ಊರು ತುಂಬಾ ಕೇಳೋ ಜನ ಇರ್ತಾರೆ. ಅದು ಮುಗಿದ್ಮೇಲೆ ಎಷ್ಟು ಉಳಿಯತ್ತೆ ನೋಡ್ಕೊಂಡು ಎರಡನೇ ಪ್ರೆಸ್ಸಿಂಗ್ ಮಾತು.