ನಾಯಿಯ ಕಿಂಡಿ, ಬೆಕ್ಕಿನ ಕಿಂಡಿ, ಬಾಗಿಲಿನ ಬೋಲ್ಟು

ನಾಯಿ ಬೆಕ್ಕು ಎರಡನ್ನೂ ಸಾಕಿದ ಮನೆಯಲ್ಲಿ ಬಾಗಿಲು ತೆಗೆದು ಹಾಕುವುದೇ ಒಂದು ಕೆಲಸ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಅಮ್ಮ ಒಬ್ಬರೇ. ಮಂಡಿ ನೋವಿನ ಅವರು ಪ್ರತಿ ಸಲ ಎದ್ದು ಹೋಗಿ ಹಿತ್ತಲ ಬಾಗಿಲು ತೆಗೆಯಬೇಕು. ಸಾಕಾಗಿ ಬಾಗಿಲನ್ನು ತೆರೆದಿಟ್ಟೇ ಕುಳಿತುಬಿಡುತ್ತಿದ್ದರು. ನಾಯಿ ಬೆಕ್ಕು ತಾವೇ ತಳ್ಳಿಕೊಂಡು ಓಡಾಡಲು ಬಾಗಿಲಿನಲ್ಲಿ ರಬ್ಬರಿನ ಪರದೆಯ ಕಿಂಡಿ ಮಾಡಿಸಿದರೆ ಕಳ್ಳರಿಗೆ ದಾರಿ ಮಾಡಿಕೊಟ್ಟಂತೆ ಎಂದು ಹೇಳಿದವರಿಗೆ ನಾನು ಕೊಟ್ಟ ಉತ್ತರ ಇದೇ: ಹಗಲೆಲ್ಲ ತೆರೆದೇ ಇರುವ ಬಾಗಿಲಿಗಿಂತ ಯೋಚಿಸಿ ಮಾಡಿಸಿದ ಕಿಂಡಿ ಎಷ್ಟೋ ಕ್ಷೇಮ.

ಆದರೆ ಯೋಚಿಸಿಯೇ ಮಾಡಿಸಬೇಕು. ಅಂಗಡಿಯಲ್ಲಿ ಯಾವ ಕಿಂಡಿ ಚೆನ್ನಾಗಿದೆ ಎಂದು ನೋಡುವುದಕ್ಕೆ ಮೊದಲು, ಆ ಕಿಂಡಿಯೊಳಗೆ ತೂರಿದ ಕೈಗೆ ಏನೇನು ಎಟುಕುತ್ತದೆ ಎಂದು ನೋಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಹಿತ್ತಲ ಬಾಗಿಲಿಗೆ ಒಳಗಿನಿಂದ ಮೇಲೊಂದು, ಕೆಳಗೊಂದು ಟವರ್ ಬೋಲ್ಟ್ ಹಾಕುವುದು ರೂಢಿ. ಬಾಗಿಲಿನ ಕೆಳಭಾಗದಲ್ಲಿ ಕಿಂಡಿ ಕೊರೆದರೆ ಕೆಳಗಿನ ಬೋಲ್ಟು ಅದರಿಂದ ಒಂದು ಗೇಣೂ ದೂರವಿರುವುದಿಲ್ಲ. ದೊಡ್ಡವರ ತೋಳು ಹೆಗಲವರೆಗೆ ಸುಮಾರು ಎರಡೂವರೆ ಅಡಿ ಉದ್ದ. ಕೈಯಲ್ಲಿ ಕೊಕ್ಕೆ ಮಾಡಿದ ಕಂಬಿಯೊಂದಿದ್ದರೆ ಮೇಲಿನ ಬೋಲ್ಟಿಗೂ ಪ್ರಯತ್ನಿಸಬಹುದು. ಬೆಕ್ಕಿನ ಕಿಂಡಿಯಲ್ಲಿ ದೊಡ್ಡವರ ಮೈ ತೂರುವುದಿಲ್ಲ, ನಿಜ. ಬಾಗಿಲು ತೆಗೆಯುವುದಕ್ಕೆ ಮೈ ತೂರಬೇಕಾಗಿಯೂ ಇಲ್ಲ.

ಹೀಗಾಗಿ ನಾನು ಎರಡು ಹಂತದ ಏರ್ಪಾಡು ಮಾಡಿಸಿದೆ. ಅಡುಗೆಮನೆಯ ಹಿಂದೆ ಬಟ್ಟೆ, ಪಾತ್ರೆ ತೊಳೆಯುವ ಯುಟಿಲಿಟಿ ಇದೆ; ಅದಕ್ಕೆ ಮೊದಲೇ ಗ್ರಿಲ್ ಇತ್ತು. ನಾಯಿಯ ಕಿಂಡಿಯನ್ನು ಹೊರಗಿನ ಗ್ರಿಲ್ ಬಾಗಿಲಿಗೆ ಕೂಡಿಸಿ, ಅದರ ಸುತ್ತ ತಗಡು ಹೊಡೆಸಿದೆ. ಬೆಕ್ಕಿನ ಚಿಕ್ಕ ಕಿಂಡಿ ಮಾತ್ರ ಅಡುಗೆಮನೆಯ ಬಾಗಿಲಿನಲ್ಲಿದೆ. ನಾಯಿ ಮಲಗುವುದು ಯುಟಿಲಿಟಿಯಲ್ಲೇ. ನಮ್ಮದು ಮಧ್ಯಮ ಗಾತ್ರದ ನಾಟಿ ನಾಯಿ. ಅದು ಆರಾಮವಾಗಿ ದಾಟುವ ಕಿಂಡಿಯಲ್ಲಿ ತೆಳ್ಳಗಿನ ಮನುಷ್ಯನೂ ತೆವಳಿ ಬರಬಹುದು. ಅಂಥ ಕಿಂಡಿ ನೇರವಾಗಿ ಮನೆಯೊಳಕ್ಕೆ ತೆರೆಯಬಾರದು ಎಂಬ ವಿಷಯದಲ್ಲಿ ನಾನು ಯಾರ ಮಾತಿಗೂ ಒಪ್ಪುವುದಿಲ್ಲ. ನಮ್ಮಲ್ಲಿ ಹಾಗೆ ತೆವಳಿ ಬಂದವನಿಗೆ ಸಿಗುವುದು ಬಕೆಟ್ಟು, ಪೊರಕೆ ಮತ್ತು ನಾಯಿ.

ಅಡುಗೆಮನೆಯದು ತೇಗದ ಪ್ಯಾನೆಲ್ ಬಾಗಿಲು. ಬಡಗಿ ಆಚಾರರು ಅದನ್ನು ತಡವಿ ನೋಡಿ, “ಸಾರ್, ಚೌಕಟ್ಟಿನ ಮರಕ್ಕೆ ಮಾತ್ರ ಉಳಿ ಹಚ್ಚಿಸಬೇಡಿ. ಕೆಳಗಿನ ಹಲಗೆ ಬಿಡಿಸಿ, ಅದೇ ಅಳತೆಗೆ ಬೇರೆ ಹಲಗೆ ಕೂರಿಸಿ ಅದರಲ್ಲಿ ಕಿಂಡಿ ತೆಗೆಯುತ್ತೇನೆ” ಎಂದರು. ಒಳ್ಳೆಯ ಸಲಹೆ. ಬಾಗಿಲಿನ ಬಲವೆಲ್ಲ ನಿಲುವು ಮತ್ತು ಅಡ್ಡಪಟ್ಟಿಗಳ ಬೆಸುಗೆಯಲ್ಲಿರುತ್ತದೆ. ಅದನ್ನು ಕೊಯ್ದರೆ ಬಾಗಿಲು ಜಗ್ಗುತ್ತದೆ. ಹೊಸದಕ್ಕೆ ನೀರು ತಡೆಯುವ ದಪ್ಪ ಪ್ಲೈವುಡ್ ಹಾಕಿದರು. ಬಿಡಿಸುವ ಹಲಗೆಗಳಿಲ್ಲದ, ಇಡಿಯಾಗಿ ಸಪಾಟಾದ ಫ್ಲಶ್ ಬಾಗಿಲಾಗಿದ್ದರೆ ಈ ಅನುಕೂಲವಿಲ್ಲ. ಕೊಯ್ದ ಅಂಚಿನಿಂದ ನೀರು ಒಳಗಿಳಿದು ಹಲಗೆ ಉಬ್ಬುತ್ತದೆ. ಅಂಥವರು ಗೋಡೆಯಲ್ಲಿ ಮಾಡಿಸುವುದೇ ಮೇಲು. ಒಂಬತ್ತು ಇಂಚಿನ ಗೋಡೆಯ ದಪ್ಪ ಕೈಯ ಎಟುಕನ್ನೂ ಅಷ್ಟು ಕಡಿಮೆ ಮಾಡುತ್ತದೆ. ಕಿಂಡಿಯ ಬುಡ ಹೊರಗೆ ಇಳಿಜಾರಾಗಿರಲಿ, ಮಳೆ ನೀರು ನಿಲ್ಲುವುದಿಲ್ಲ.

ಕೆಳಗಿನ ಬೋಲ್ಟನ್ನು ಕೀಳಿಸಿ, ಒಳಗಿನಿಂದಲೂ ಬೀಗದ ಕೈ ಹಾಕಿಯೇ ತೆಗೆಯಬೇಕಾದ, ಬಾಗಿಲಿನ ಮರದೊಳಗೇ ಕೂರುವ ಮಾರ್ಟಿಸ್ ಲಾಕ್ ಹಾಕಿಸಿದೆ. ಬೀಗದ ಕೈಯನ್ನು ಲಾಕಿನಲ್ಲೇ ಬಿಡುವುದಿಲ್ಲ. ಹಾಗೆಂದು ಬೀರುವಿನಲ್ಲಿ ಬಚ್ಚಿಡುವುದೂ ತಪ್ಪು. ಗ್ಯಾಸ್ ಸೋರಿದರೆ, ಬೆಂಕಿ ಹೊತ್ತಿದರೆ ಅಮ್ಮ ಕತ್ತಲಲ್ಲೂ ತಡಕಿ ತೆಗೆಯುವಂತಿರಬೇಕು. ಬಾಗಿಲಿನಿಂದ ದೂರದ ಗೋಡೆಯ ಮೊಳೆಯಲ್ಲಿ, ಅವರ ಕೈಗೆ ಸಿಗುವ ಎತ್ತರದಲ್ಲಿ ನೇತುಹಾಕಿದ್ದೇವೆ. ಕೆಲಸವೆಲ್ಲ ಮುಗಿದ ಮೇಲೆ ನಾನೇ ಹೊರಗೆ ನೆಲದ ಮೇಲೆ ಮಲಗಿ, ಬೆಕ್ಕಿನ ಕಿಂಡಿಯಲ್ಲಿ ತೋಳು ತೂರಿಸಿ, ಕಂಬಿ ಹಿಡಿದು ಲಾಕು, ಬೋಲ್ಟು, ಮೊಳೆ ಒಂದೊಂದನ್ನೂ ಎಟುಕಿಸಲು ನೋಡಿದೆ. ಈ ಪರೀಕ್ಷೆಯನ್ನು ಎಲ್ಲರೂ ಮಾಡಲೇಬೇಕು. ಕಿಂಡಿಯ ಚೌಕಟ್ಟನ್ನು ಕೂಡಿಸಿದ ಸ್ಕ್ರೂಗಳು ಹೊರಗಿನಿಂದ ಬಿಚ್ಚುವಂತಿವೆಯೇ ಎಂಬುದನ್ನೂ ನೋಡಿ. ನಮ್ಮದರಲ್ಲಿ ಹೊರಗೆ ಕಾಣುವುದು ನುಣುಪಾದ ಬೋಲ್ಟ್ ತಲೆಗಳು ಮಾತ್ರ, ನಟ್ಟುಗಳೆಲ್ಲ ಒಳಗೆ.

ಕಳ್ಳರಿಗಿಂತ ಹೆಚ್ಚು ನನ್ನ ನಿದ್ದೆ ಕೆಡಿಸಿದ್ದು ಬೇರೆಯವು. ನಮ್ಮ ಬಡಾವಣೆ ತುಮಕೂರಿನ ಅಂಚಿನಲ್ಲಿ, ದೇವರಾಯನದುರ್ಗದ ಕಡೆಗಿದೆ. ಆ ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ. ಜಿಲ್ಲೆಯಲ್ಲಿ 2019–20ರಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಜನ ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ. ರಬ್ಬರಿನ ಪರದೆ ಅದಕ್ಕೆ ತಡೆಯೇ ಅಲ್ಲ. ಇನ್ನು ಕಟ್ಟುಹಾವು. ಅದು ರಾತ್ರಿ ಸಂಚರಿಸುವ ಹಾವು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಮ್ಮ ಅಮ್ಮ ಇಂದಿಗೂ ನೆಲದ ಮೇಲೆ ಚಾಪೆ ಹಾಸಿಯೇ ಮಲಗುವವರು.

ಆದ್ದರಿಂದ ಕತ್ತಲಾಗುವ ಮೊದಲೇ ಎರಡೂ ಕಿಂಡಿ ಮುಚ್ಚಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಕತ್ತರಿಸಿ, ಒಳಗಡೆ ಎರಡು ಪಕ್ಕದ ತೋಡಿನಲ್ಲಿ ಮೇಲಿನಿಂದ ಇಳಿಬಿಡುವಂತೆ ಮಾಡಿಸಿದೆ. ಬುಡ ನೆಲಕ್ಕೆ ಬಿಗಿಯಾಗಿ ಕೂರುತ್ತದೆ, ಮೇಲೆ ಬೀಗ ಬೀಳುತ್ತದೆ. ಕೊಂಡು ತಂದ ಕಿಂಡಿಯ ಜೊತೆ ಬರುವ ಪ್ಲಾಸ್ಟಿಕ್ ಚಿಲಕವನ್ನು ನಾನು ನಂಬುವುದಿಲ್ಲ. ನಾಯಿಯ ಅನ್ನದ ತಟ್ಟೆಯನ್ನು ರಾತ್ರಿ ತೊಳೆದು ಎತ್ತಿಡುತ್ತೇವೆ. ಉಳಿದ ಅನ್ನಕ್ಕೆ ಇಲಿ ಹೆಗ್ಗಣ ಬರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ.

ಹಗಲಿನ ಕಾಟ ಬೀದಿ ಬೆಕ್ಕುಗಳದು, ಕೋತಿಗಳದು. ಬೆಕ್ಕಿನ ಚರ್ಮದಡಿ ಹಾಕಿಸಿದ ಮೈಕ್ರೋಚಿಪ್ ಓದಿ ಅದಕ್ಕೆ ಮಾತ್ರ ತೆರೆದುಕೊಳ್ಳುವ ಕಿಂಡಿಗಳಿವೆ. ಚಿಪ್ಪಿನಲ್ಲಿ 15 ಅಂಕಿಗಳ ಸಂಖ್ಯೆ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಡ, ಬ್ಯಾಟರಿ ಬೇಕಾಗುವುದು ಕಿಂಡಿಗೆ. ಬೇರೆ ಬೆಕ್ಕುಗಳನ್ನು ತಡೆಯಲು ಅದು ಸರಿ, ಮನುಷ್ಯರ ಬಲದ ಮುಂದೆ ಏನೂ ಅಲ್ಲ. ನಾವು ಸಾದಾ ಕಿಂಡಿಯನ್ನೇ ಹಾಕಿಸಿದೆವು. ಆಷಾಢದ ಗಾಳಿಗೆ ಪರದೆ ಪಟಪಟ ಬಡಿಯದಂತೆ ಅಂಚಿನಲ್ಲಿ ಅಯಸ್ಕಾಂತ ಇರಲೇಬೇಕು.

ಅಳತೆಯ ಲೆಕ್ಕ ಸುಲಭ: ಕಿಂಡಿಯ ಮೇಲಂಚು ನಾಯಿಯ ಹೆಗಲಿಗಿಂತ ಒಂದೆರಡು ಇಂಚು ಮೇಲಿರಬೇಕು, ಅಗಲ ಅದರ ಮೈಗಿಂತ ಎರಡು ಇಂಚು ಹೆಚ್ಚಿದ್ದರೆ ಸಾಕು. ಮೊದಲು ಪರದೆಯನ್ನು ಪೂರ್ತಿ ಮೇಲಕ್ಕೆ ಕಟ್ಟಿ, ಆಚೆ ಬದಿಯಲ್ಲಿ ಮೊಟ್ಟೆ ಹಿಡಿದು ಕರೆದೆವು. ಆಮೇಲೆ ಅರ್ಧ ಇಳಿಸಿದೆವು. ಬೆಕ್ಕು ಬೇಗ ಕಲಿತಿತು. ನಾಯಿಗೆ ತಲೆಗೆ ಪರದೆ ತಗಲುವ ಭಯ ಹೋಗಲು ತಾಳ್ಮೆ ಬೇಕಾಯಿತು. ಹಿತ್ತಲಿಗೆ ಸುತ್ತುಗೋಡೆ ಇಲ್ಲದವರು ನಾಯಿಗೆ ಹೀಗೆ ದಾರಿ ಬಿಡಬಾರದು. ಗೋಡೆ ಇದ್ದರೂ ರೇಬೀಸ್ ಲಸಿಕೆಯನ್ನು ಎರಡಕ್ಕೂ ವರ್ಷವರ್ಷ ತಪ್ಪಿಸುವಂತಿಲ್ಲ, ಏಕೆಂದರೆ ಬೆಕ್ಕಿಗೆ ಗೋಡೆ ಲೆಕ್ಕಕ್ಕಿಲ್ಲ.

ಬಾಡಿಗೆ ಮನೆಯಲ್ಲಿರುವವರು ಮಾಲೀಕರನ್ನು ಕೇಳುವಾಗ ಹಲಗೆ ಬದಲಿಸುವ ಈ ಉಪಾಯವನ್ನು ಹೇಳಿ ನೋಡಿ. ಹಳೆಯ ಹಲಗೆಯನ್ನು ಜೋಪಾನವಾಗಿಟ್ಟರೆ ಮನೆ ಬಿಡುವಾಗ ಬಾಗಿಲನ್ನು ಇದ್ದಂತೆಯೇ ಮಾಡಿಕೊಡಬಹುದು.