ದ್ವಿತೀಯ ಪಿಯು ಗಣಿತ: ಅಧ್ಯಾಯ ಹಿಡಿದು ಲೆಕ್ಕ ಮಾಡುವುದು ಹೇಗೆ?

ಪರೀಕ್ಷೆ ಹತ್ತಿರವಾದಂತೆ ಮೈಸೂರು, ಮಂಡ್ಯದ ಝೆರಾಕ್ಸ್ ಅಂಗಡಿಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಗಿರಾಕಿ ಹೆಚ್ಚು. ತಂದವರು ಮೊದಲ ಪತ್ರಿಕೆಯ ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಮೊದಲು ಆ ಕಟ್ಟನ್ನು ಅಧ್ಯಾಯವಾರು ಒಡೆಯಿರಿ: 200 ಪುಟದ ನೋಟ್‌ಬುಕ್ಕಿನಲ್ಲಿ 13 ಅಧ್ಯಾಯಕ್ಕೂ ಜಾಗ ಬಿಟ್ಟು, ಆಯಾ ಪ್ರಶ್ನೆಗಳನ್ನು ಅಲ್ಲಲ್ಲೇ ಬರೆದುಕೊಳ್ಳಿ. ಒಂದೇ ಬಗೆಯ ಲೆಕ್ಕ ಮತ್ತೆ ಮತ್ತೆ ಬಂದಿರುವುದು ಆಗಲೇ ಕಣ್ಣಿಗೆ ಬೀಳುತ್ತದೆ.

ಅಧ್ಯಾಯಗಳಿಗೆ ಸರಪಳಿಯಿದೆ. ಡಿಫರೆನ್ಸಿಯೇಷನ್ ಕೈಗೆ ಹತ್ತದೆ ಇಂಟಿಗ್ರೇಷನ್‌ಗೆ ಹೋದರೆ ಪ್ರಯೋಜನವಿಲ್ಲ. ಇಂಟಿಗ್ರೇಷನ್ ಇಲ್ಲದೆ ಡಿಫರೆನ್ಸಿಯಲ್ ಈಕ್ವೇಷನ್ ಬಾರದು. ಮ್ಯಾಟ್ರಿಕ್ಸ್ ಆದಮೇಲೆ ಡಿಟರ್ಮಿನೆಂಟ್, ವೆಕ್ಟರ್ ಆದಮೇಲೆ ತ್ರೀ‑ಡಿ. ಪ್ರಾಬಬಿಲಿಟಿ, ಎಲ್‌ಪಿಪಿ (ಲೀನಿಯರ್ ಪ್ರೋಗ್ರಾಮಿಂಗ್) ಬಿಡಿ ಅಧ್ಯಾಯಗಳು, ನಡುನಡುವೆ ಹಾಕಿಕೊಳ್ಳಬಹುದು.

ಒಂದು ಸಲಕ್ಕೆ 45 ನಿಮಿಷ, ಆರು ಲೆಕ್ಕ ಸಾಕು. ಬಿಡಿಸಿದ ಉದಾಹರಣೆಯನ್ನು ಒಮ್ಮೆ ಓದಿ ಪುಸ್ತಕ ಮುಚ್ಚಿ, ಅದನ್ನೇ ಮೊದಲು ಬರೆಯಿರಿ. ನೋಡುತ್ತಾ ಬರೆದರೆ ಬಂದಂತೆ ಅನ್ನಿಸುತ್ತದೆ, ಅಷ್ಟೆ.

ಎಡವುವ ಜಾಗಗಳು ಬಹುತೇಕ ಗೊತ್ತಿರುವವೇ. ಮ್ಯಾಟ್ರಿಕ್ಸ್ ಇನ್ವರ್ಸ್‌ನಲ್ಲಿ ಕೋಫ್ಯಾಕ್ಟರ್ ಚಿಹ್ನೆ ತಪ್ಪುತ್ತದೆ, ಇಲ್ಲವೇ ಟ್ರಾನ್ಸ್‌ಪೋಸ್ ಮರೆತುಹೋಗುತ್ತದೆ. 3×3 ಮ್ಯಾಟ್ರಿಕ್ಸನ್ನು ಅದರ ಅಡ್‌ಜಾಯಿಂಟ್‌ನೊಂದಿಗೆ (ಕೋಫ್ಯಾಕ್ಟರ್‌ಗಳ ಟ್ರಾನ್ಸ್‌ಪೋಸ್) ಗುಣಿಸಿ: ಕರ್ಣದಲ್ಲಿ ಮೂರೂ ಕಡೆ ಡಿಟರ್ಮಿನೆಂಟಿನ ಬೆಲೆ, ಉಳಿದ ಕಡೆ ಸೊನ್ನೆ ಬರಬೇಕು. ಎರಡು ನಿಮಿಷದ ಈ ತಾಳೆ ಇಡೀ ಲೆಕ್ಕವನ್ನು ಉಳಿಸುತ್ತದೆ. ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಚರ ಬದಲಿಸಿದವರು ಮಿತಿ ಬದಲಿಸುವುದಿಲ್ಲ. ಎಕ್ಸ್ 0ಯಿಂದ 1ರವರೆಗೆ ಇದ್ದು, 1 + ಎಕ್ಸ್ ವರ್ಗವನ್ನು ಟಿ ಎಂದುಕೊಂಡರೆ ಹೊಸ ಮಿತಿ 1ರಿಂದ 2. ಸೈನ್ ಇನ್ವರ್ಸ್ ಆಫ್ ಸೈನ್ 2ಪೈ/3 ಅಂದರೆ 2ಪೈ/3 ಅಲ್ಲ, ಪೈ/3. ಉತ್ತರ ಪ್ರಿನ್ಸಿಪಲ್ ವ್ಯಾಲ್ಯೂವಿನ ವ್ಯಾಪ್ತಿಯೊಳಗೇ (ಇಲ್ಲಿ −ಪೈ/2ರಿಂದ ಪೈ/2) ಇರಬೇಕು.

ಎಲ್‌ಪಿಪಿ ಸುಲಭವೆಂಬ ಹೆಸರಿದೆ. ಅಂಕ ಹೋಗುವುದೂ ಅಲ್ಲೇ. ಎಕ್ಸ್, ವೈ ಋಣವಲ್ಲ. 2ಎಕ್ಸ್ + ವೈ 40ನ್ನು, ಎಕ್ಸ್ + 2ವೈ 50ನ್ನು ಮೀರಬಾರದು. 30ಎಕ್ಸ್ + 20ವೈ ಗರಿಷ್ಠವಾಗಬೇಕು ಎನ್ನಿ. ಮೂಲೆಗಳು (0,0), (20,0), (10,20), (0,25). ಗರಿಷ್ಠ (10,20)ರಲ್ಲಿ, 700. ಎರಡನೆಯ ಗೆರೆ ಅಕ್ಷವನ್ನು ಮುಟ್ಟುವ (50,0)ಯನ್ನೂ ಮೂಲೆಯೆಂದು ತೆಗೆದುಕೊಂಡವರಿಗೆ 1500 ಬರುತ್ತದೆ. ಅದು ಮೊದಲ ನಿಬಂಧನೆಯನ್ನೇ ಮುರಿಯುವ ಬಿಂದು. ಗೆರೆಗಳು ಕೂಡುವ ಜಾಗವನ್ನು ಗ್ರಾಫ್ ನೋಡಿ ಅಂದಾಜಿಸದೆ ಸಮೀಕರಣ ಬಿಡಿಸಿಯೇ ಪಡೆಯಿರಿ.

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ತಪ್ಪಾದ ಸಾಲನ್ನು ಮಾತ್ರ ಬರೆದಿಡಿ, ಪೂರ್ತಿ ಲೆಕ್ಕ ಬೇಡ. ಮಂಡ್ಯ–ಮೈಸೂರು ರೈಲಿನಲ್ಲಿ ನಿಂತು ಓಡಾಡುವವರು ಸೂತ್ರದ ಜೊತೆ ಆ ಪುಟವನ್ನೂ ತಿರುವಿಹಾಕಬಹುದು. ತಪ್ಪಾದ ಲೆಕ್ಕವನ್ನು ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಮತ್ತೆ ಮಾಡಿ. ಕೊನೆಯ ಎರಡು ವಾರ ಪೂರ್ತಿ ಪತ್ರಿಕೆಗೆ: 80 ಅಂಕ, 3 ಗಂಟೆ, ಮಧ್ಯೆ ಏಳುವಂತಿಲ್ಲ, ಮೊಬೈಲ್ ಬೇರೆ ಕೋಣೆಯಲ್ಲಿ.