ಹರ್ಪಿಸ್ ಇದ್ದರೂ ಸಂಸಾರ ಮಾಡಬಹುದು: ಸಂಗಾತಿಗೆ ಅಂಟದ ಹಾಗೆ ನೋಡಿಕೊಳ್ಳುವುದು ಹೇಗೆ

ಗುಪ್ತಾಂಗದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಎದ್ದು, ಒಡೆದು ಹುಣ್ಣಾಗಿ, ಮೂತ್ರ ಮಾಡುವಾಗ ಉರಿ ತಡೆಯೋಕಾಗ್ತಿಲ್ಲ ಅಂದರೆ ಅದು ಹರ್ಪಿಸ್ ಇರಬಹುದು, ಅಂದರೆ ಕೂಡುವುದರಿಂದ ಅಂಟುವ ವೈರಸ್ ರೋಗ. ಕಾಯಬೇಡಿ. ಹುಣ್ಣು ಹಸಿ ಇರುವಾಗಲೇ ಚರ್ಮದ ಡಾಕ್ಟರಿಗೆ ತೋರಿಸಿ. ಆಗ ಅದರ ನೀರು ತೆಗೆದು ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿದರೆ ಖಚಿತವಾಗಿ ಗೊತ್ತಾಗುತ್ತದೆ. ಐಜಿಎಂ ಅನ್ನೋ ರಕ್ತಪರೀಕ್ಷೆ ನಂಬುವಂಥದ್ದಲ್ಲ, ಸುಮ್ನೆ ದುಡ್ಡು ದಂಡ. ಮೆಡಿಕಲ್ ಶಾಪಿಗೆ ಹೋಗಿ ಕಜ್ಜಿಗೆ ಅಂತ ಕೇಳಿ ಟ್ಯೂಬ್ ತಂದು ಹಚ್ಚಲೇಬೇಡಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಹುಣ್ಣು ಇನ್ನೂ ಕೆರಳುತ್ತದೆ.

ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ. ಲೈಂಗಿಕ ರೋಗಗಳಿಗೆ ಅಲ್ಲಿ ಚಿಕಿತ್ಸೆ ಉಚಿತ, ವಿಷಯ ಗುಟ್ಟಾಗಿಡುತ್ತಾರೆ. ಹರ್ಪಿಸ್ ಹುಣ್ಣಿಗೆ ಕೊಡುವುದು ಕೆಂಪು ಕಿಟ್. ಒಳಗೆ ಅಸೈಕ್ಲೋವಿರ್ 400 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಮೂರು ಸಲ, 7 ದಿನ. ಜೊತೆಗೇ ಎಚ್‌ಐವಿ, ಸಿಫಿಲಿಸ್ ಪರೀಕ್ಷೆನೂ ಮಾಡಿಸಿಬಿಡಿ, ಯಾಕಂದ್ರೆ ಹರ್ಪಿಸ್ ಇದ್ದವರಿಗೆ ಎಚ್‌ಐವಿ ಸುಲಭವಾಗಿ ಅಂಟುತ್ತದೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಾದ ಚಿಗಟೇರಿ ಆಸ್ಪತ್ರೆಗೆ ಹೋದರೆ ಪರಿಚಯದವರು ಯಾರಾದರೂ ಸಿಕ್ಕಿಬಿಡ್ತಾರೆ ಅಂತ ಹೆದರಿಕೆ ಇದ್ದರೆ ದಾವಣಗೆರೆಯವರು ಚಿತ್ರದುರ್ಗಕ್ಕೆ ಹೋಗಿ, ದುರ್ಗದವರು ದಾವಣಗೆರೆಗೆ ಬನ್ನಿ. ಹೋಗದೇ ಮಾತ್ರ ಇರಬೇಡಿ. ಮೊದಲು ಫೋನಿನಲ್ಲಿ ಕೇಳಬೇಕು ಅನ್ನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಮಾಡಿ.

ಮೂತ್ರದ ಉರಿಗೆ ಒಂದು ಉಪಾಯ: ಮೂತ್ರ ಮಾಡುತ್ತಲೇ ಚೊಂಬಿನಿಂದ ಆ ಜಾಗಕ್ಕೆ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳಿ. ಉರಿ ಎಷ್ಟೋ ಕಡಿಮೆಯಾಗುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಬಿಗಿ ಜೀನ್ಸ್ ಹಾಕಿಕೊಂಡರೆ ಬೆವರು, ತಿಕ್ಕಾಟ ಎರಡೂ ಸೇರಿ ಜೀವ ಹೋಗುತ್ತದೆ. ಸಡಿಲವಾದ ಹತ್ತಿ ಬಟ್ಟೆನೇ ಸರಿ. ಹುಣ್ಣು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ. ತಟ್ಟೆ ಲೋಟ, ಟಾಯ್ಲೆಟ್ಟಿನಿಂದ ಇದು ಹರಡುವುದಿಲ್ಲ, ಮನೆಯಲ್ಲಿ ನೀವು ದೂರ ಕೂರಬೇಕಾಗಿಲ್ಲ.

ಈಗ ಸಂಗಾತಿಯ ವಿಷಯ. ವೈರಸ್ಸು ಬೆನ್ನಿನ ಕೆಳಗಡೆ ನರದ ಬುಡದಲ್ಲಿ ಉಳಿದುಬಿಡುತ್ತದೆ, ಅದನ್ನು ಪೂರ್ತಿ ತೆಗೆಯುವ ಔಷಧಿ ಇನ್ನೂ ಇಲ್ಲ. ಗುಳ್ಳೆ ಇಲ್ಲದ ದಿನವೂ ಅದು ಆಗಾಗ ಚರ್ಮದ ಮೇಲೆ ಬರುತ್ತದೆ, ಬಂದಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಬಹಳ ಜನಕ್ಕೆ ಅಂಟುವುದು ಹೀಗೇನೆ. ಹಾಗಾಗಿ ಹುಣ್ಣು ವಾಸಿಯಾಯ್ತು, ಇನ್ನೇನು ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಗುಳ್ಳೆ ಏಳುವ ಮುಂಚೆ ಆ ಜಾಗದಲ್ಲಿ ಜುಮುಜುಮು, ತುರಿಕೆ, ಕೆಲವರಿಗೆ ತೊಡೆಯವರೆಗೂ ಸೆಳೆತ ಬರುತ್ತದೆ. ಅವತ್ತಿನಿಂದ ಹಿಡಿದು ಹಕ್ಕಳೆ ಉದುರಿ ಚರ್ಮ ಪೂರ್ತಿ ಮಾಯುವವರೆಗೆ ಕೂಡುವುದು ಬೇಡ, ಕಾಂಡೋಮ್ ಇದ್ದರೂ ಬೇಡ. ಉಳಿದ ದಿನ ಪ್ರತಿ ಸಲವೂ ಕಾಂಡೋಮ್ ಹಾಕಿ. ಅದು ಮುಚ್ಚದ ಜಾಗದಿಂದ ಅಂಟಬಹುದು ನಿಜ, ಆದರೂ ಅಪಾಯ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಸವರಬೇಡಿ, ರಬ್ಬರ್ ಹರಿಯುತ್ತದೆ. ಇದರ ಮೇಲೆ ವಾಲಾಸೈಕ್ಲೋವಿರ್ 500 ಮಿಲಿಗ್ರಾಂ ದಿನಕ್ಕೊಂದು ತಗೊಂಡರೆ ಸಂಗಾತಿಗೆ ಅಂಟುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ನಿಮಗೆ ಈ ಮಾತ್ರೆ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ತುಟಿ ಮೇಲೆ ಗುಳ್ಳೆ ಎದ್ದಿದ್ದಾಗ ಬಾಯಿಯಿಂದ ಕೂಡುವುದೂ ಬೇಡ, ಅದೂ ಹರ್ಪಿಸ್ಸೇ.

ಹೇಳುವುದೇ ಕಷ್ಟ, ಒಪ್ಪುತ್ತೇನೆ. ಆದರೆ ಹೇಳದೆ ಮೇಲಿನ ಯಾವುದನ್ನೂ ಸರಿಯಾಗಿ ಮಾಡೋಕಾಗಲ್ಲ ಅಲ್ವಾ? ಹಾಸಿಗೆಯಲ್ಲಿ ಹೇಳಬೇಡಿ, ಜಗಳದ ನಡುವೆ ಹೇಳಬೇಡಿ. ಮದುವೆ ಮಾತುಕತೆ ನಡೀತಿದ್ದರೆ ಹುಡುಗಿಗೋ ಹುಡುಗನಿಗೋ ನಿಶ್ಚಿತಾರ್ಥಕ್ಕೆ ಮುಂಚೆಯೇ, ಇಬ್ಬರೇ ಕೂತಾಗ ಹೇಳಿ. "ನನಗೆ ಹರ್ಪಿಸ್ ಇದೆ, ಮಾತ್ರೆ ತಗೊಳ್ತಿದೀನಿ, ನಿನಗೆ ಅಂಟಬಾರದು ಅಂತಲೇ ಹೇಳ್ತಿದೀನಿ" ಅಂದರೆ ಸಾಕು. ಮದುವೆಯಾಗಿ ವರ್ಷಗಳಾದ ಮೇಲೆ ಒಬ್ಬರಿಗೆ ಕಾಣಿಸಿಕೊಂಡರೆ "ಎಲ್ಲಿಗೆ ಹೋಗಿದ್ದೆ" ಅಂತ ಮುಗಿಬೀಳಬೇಡಿ. ಇದು ಒಳಗೇ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಈ ಅನುಮಾನಕ್ಕೇ ಎಷ್ಟೋ ಸಂಸಾರ ಹಾಳಾಗುತ್ತವೆ, ಅದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಬಸುರಿಯಾದರೆ ಮೊದಲ ಭೇಟಿಯಲ್ಲೇ ಹೆರಿಗೆ ಡಾಕ್ಟರಿಗೆ ಹೇಳಿ. ಗಂಡನಿಗೆ ಇದ್ದು ಹೆಂಡತಿಗೆ ಇಲ್ಲದಿದ್ದರೆ ಕೊನೆಯ ಮೂರು ತಿಂಗಳು ಕೂಡಬೇಡಿ, ಆಗ ಹೊಸದಾಗಿ ಅಂಟಿದರೆ ಮಗುವಿಗೆ ಅಪಾಯ ಜಾಸ್ತಿ. ಮೊದಲಿಂದಲೂ ಇರುವ ತಾಯಿಗೆ 36ನೇ ವಾರದಿಂದ ಮಾತ್ರೆ ಶುರುಮಾಡುತ್ತಾರೆ. ನೋವು ಬಂದಾಗ ಗುಳ್ಳೆ ಇದ್ದರೆ ಸಿಸೇರಿಯನ್, ಇಲ್ಲದಿದ್ದರೆ ಸಹಜ ಹೆರಿಗೆಯೇ ಆಗಬಹುದು.